ಸಿನಿಮಾಕ್ಕೆ ಹಾಸಿದ ಕಂಬಳಿ

ನನ್ನ ಮದುವೆ ಗೊತ್ತಾದ ತಿಂಗಳಲ್ಲೇ ನಮ್ಮೂರಿಗೆ ಸಿನಿಮಾದವರು ಬಂದರು. ಹಾಡು, ಕುಣಿತ, ಹೊಡೆದಾಟ ಇರುವ ಸಿನಿಮಾ ಆಗಿದ್ದರೆ ಊರವರು ಇನ್ನಷ್ಟು ಮರ್ಯಾದೆ ಕೊಡುತ್ತಿದ್ದರೋ ಏನೋ. ಇದು ಸಾಕ್ಷ್ಯಚಿತ್ರ. ಎಪ್ಪತ್ತರ ದಶಕದಲ್ಲಿ ಹಿರಿಯೂರಿನ ಟಾಕೀಸಿನಲ್ಲಿ ಪಿಚ್ಚರ್ ಶುರುವಾಗುವ ಮೊದಲು ಅಣೆಕಟ್ಟು, ಗೊಬ್ಬರ, ಕೋಳಿ ಸಾಕಣೆ ಎಲ್ಲ ತೋರಿಸುತ್ತಿದ್ದರಲ್ಲ, ಗಂಡಸರೆಲ್ಲ ಎದ್ದು ಬೀಡಿ ಸೇದಲು ಹೊರಗೆ ಹೋಗುತ್ತಿದ್ದರಲ್ಲ, ಆ ಜಾತಿಯದು.

ಅದಕ್ಕೆ ಮೊದಲು ಮನೆಯ ಸಂಗತಿ ಹೇಳಬೇಕು. ಇಲ್ಲದಿದ್ದರೆ ನಾನು ಯಾಕೆ ಅಷ್ಟು ಉರಿದುಕೊಂಡೆ ಎಂದು ಗೊತ್ತಾಗುವುದಿಲ್ಲ. ನಮ್ಮದು ಜವನಗೊಂಡನಹಳ್ಳಿಯಿಂದ ಒಳಗೆ ನಾಲ್ಕು ಮೈಲಿ ನಡೆದರೆ ಸಿಗುವ ಊರು. ಕುರಿ ಕಾಯುವವರು, ಕಂಬಳಿ ನೇಯುವವರು, ಮಳೆ ಬಂದರೆ ರಾಗಿ ಬಿತ್ತುವವರು. ನಾನು ಟೀಚರ್ ಟ್ರೈನಿಂಗ್ ಮುಗಿಸಿ ಅದೇ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಹೊಸದುರ್ಗದ ಕಡೆ, ಮಾಡದಕೆರೆಯ ಒಬ್ಬ ಮೇಷ್ಟರ ಜೊತೆ ಮದುವೆ ಗೊತ್ತಾಗಿತ್ತು. ಗಂಡು ಒಪ್ಪಿಗೆ, ದಿನ ಒಪ್ಪಿಗೆ. ಒಪ್ಪಿಗೆಯಾಗದೆ ಉಳಿದದ್ದು ಒಂದೇ ವಿಷಯ: ನನ್ನನ್ನು ಧಾರೆ ಎರೆದು ಕೊಡುವವರು ಯಾರು?

ನನ್ನ ಅವ್ವ ಉಡಿಕೆಯವಳು. ಈಗಿನವರಿಗೆ ಈ ಮಾತು ಗೊತ್ತಿರಲಿಕ್ಕಿಲ್ಲ. ಅವಳಿಗೆ ಹತ್ತು ವರ್ಷಕ್ಕೇ ಒಂದು ಮದುವೆ ಮಾಡಿದ್ದರು. ಆ ಮದುವೆಯದು ಅವಳಿಗೆ ನೆನಪಿದ್ದದ್ದು ನಿದ್ದೆ ತೂಗುತ್ತಿತ್ತು ಎನ್ನುವುದೊಂದೇ. ಆ ಹುಡುಗ ಜ್ವರ ಬಂದು ಸತ್ತ. ಎಷ್ಟೋ ವರ್ಷದ ಮೇಲೆ ನನ್ನ ಅಪ್ಪ ಅವಳಿಗೆ ಸೀರೆ ಕೊಟ್ಟು, ಬಳೆ ಹಾಕಿಸಿ, ತಾಳಿ ಕಟ್ಟಿ ಕರೆತಂದ. ಗಂಡ ಸತ್ತವಳನ್ನು ಹೀಗೆ ಮನೆ ತುಂಬಿಸಿಕೊಳ್ಳುವುದಕ್ಕೆ ಉಡಿಕೆ ಅನ್ನುತ್ತಿದ್ದರು. ಚಪ್ಪರ ಇಲ್ಲ, ವಾಲಗ ಇಲ್ಲ, ಧಾರೆ ಇಲ್ಲ. ಹುಟ್ಟಿದ ಮಕ್ಕಳಿಗೆ ಏನೂ ಕುಂದಿಲ್ಲ. ಆದರೆ ಆ ಹೆಂಗಸು ಮಾತ್ರ ಸಾಯುವ ತನಕ ಯಾವ ಮದುವೆಯಲ್ಲೂ ಅಕ್ಕಿ, ಅರಿಶಿನ ಮುಟ್ಟುವ ಹಾಗಿಲ್ಲ. ಮದುವೆ ಮನೆಯಲ್ಲಿ ಅವ್ವನ ಜಾಗ ಹಿತ್ತಲು, ಕೆಲಸ ಕೊಳದಪ್ಪಲೆ ತಿಕ್ಕುವುದು. ಹೆತ್ತ ಮಗಳ ಮದುವೆಗೂ ಅದೇ ಕಾನೂನು.

ಕಾನೂನು ಹೇಳುವವನು ದೊಡ್ಡಪ್ಪ, ಅಪ್ಪನ ಅಣ್ಣ, ಊರಿನ ಯಜಮಾನ. ನನ್ನ ಧಾರೆಗೆ ತಾನೂ ದೊಡ್ಡಮ್ಮನೂ ನಿಲ್ಲುವುದು ಎಂದು ತೀರ್ಮಾನ ಮಾಡಿಬಿಟ್ಟಿದ್ದ. ಕೆಟ್ಟವನಲ್ಲ. ಹೆಣ್ಣುಹುಡುಗಿ ಓದಿ ಏನು ಮಾಡಬೇಕು ಎಂದು ಊರೆಲ್ಲ ಅಂದಾಗ ನನ್ನನ್ನು ಚಿತ್ರದುರ್ಗದ ಹಾಸ್ಟೆಲಿಗೆ ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ಬಿಟ್ಟವನೇ ಅವನು. ಆದರೆ ಮದುವೆ ಶಾಸ್ತ್ರದ ಮಾತು ಬಂದರೆ ಕಲ್ಲು. ನಾನು ಜಗಳ ಆಡಿದೆ, ಊಟ ಬಿಟ್ಟೆ, ಮದುವೆಯೇ ಬೇಡ ಅಂದೆ. ಅವ್ವ ಮಾತ್ರ ಉಣ್ಣೆ ನೂಲುತ್ತಾ, "ಬಿಡವ್ವ, ಹಿತ್ಲಿಂದಾನೂ ನೀನು ಕಾಣ್ತೀಯ" ಅಂದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಇಂಥ ಹೊತ್ತಿನಲ್ಲಿ ಜೀಪು ಬಂತು. ಅದರಿಂದ ಇಳಿದವರು ಇಬ್ಬರು, ಬೊಂಬಾಯಿಯವರು. ಒಬ್ಬ ಉದ್ದ ಗಡ್ಡದ ಸಾಹೇಬ, ಸಿನಿಮಾ ಮಾಡುವವನು. ಇನ್ನೊಬ್ಬ ದಪ್ಪನೆಯ ಕ್ಯಾಮೆರಾದವನು, ಇದ್ದ ನಾಲ್ಕು ದಿನವೂ ಅವನ ಬಾಯಿಂದ ಹತ್ತು ಮಾತು ಬರಲಿಲ್ಲ. ಊರಲ್ಲಿ ಇಂಗ್ಲಿಷ್ ಬರುವವಳು ನಾನೊಬ್ಬಳೇ ಎಂದು ದೊಡ್ಡಪ್ಪ ಅವರನ್ನು ನೆಟ್ಟಗೆ ಶಾಲೆಗೇ ಕರೆತಂದ. ನನ್ನ ಇಂಗ್ಲಿಷೋ, ದೇವರಿಗೇ ಪ್ರೀತಿ! ಪಾಠದಲ್ಲಿ ಬರುವ ರೈತ, ನರಿ, ಪೋಸ್ಟ್‌ಮನ್ ಬಿಟ್ಟರೆ ಇನ್ಯಾರ ಬಗ್ಗೆಯೂ ನನಗೆ ಮಾತಾಡಲು ಬರುತ್ತಿರಲಿಲ್ಲ.

ಸಾಹೇಬ ತನ್ನ ಕೆಲಸ ವಿವರಿಸಿದ. ಏಷ್ಯಾದ ದೇಶದೇಶ ತಿರುಗಿ ಹಳೆಯ ಬದುಕು ಹೇಗಿತ್ತು, ಹೊಸದು ಬಂದು ಏನಾಗುತ್ತಿದೆ ಎಂದು ತೋರಿಸುತ್ತಾನಂತೆ. ನೇಪಾಳದಲ್ಲಿ ಉಪ್ಪು ಹೊರುವವರು, ಬರ್ಮಾದಲ್ಲಿ ಮೀನು ಹಿಡಿಯುವವರು, ಜಪಾನಿನಲ್ಲಿ ರೇಷ್ಮೆ ನೇಯುವವರು, ಎಲ್ಲರನ್ನೂ ಹಿಡಿದಾಗಿದೆ. ಈಗ ಕಂಬಳಿಯವರ ಸರದಿ. ಒಂದು ಆಲ್ಬಂ ತೆಗೆದು ಫೋಟೋ ತೋರಿಸಿದ. ಚೆನ್ನಾಗಿದ್ದವು. ಆದರೆ ಬರ್ಮಾದ ಮೀನುಗಾರನ ಎಡ ಮುಂಗೈಯಲ್ಲಿ ಒಂದು ಪಟ್ಟಿ ಬೆಳ್ಳಗೆ ಕಾಣುತ್ತಿತ್ತು. ನೇಪಾಳದವನ ಕೈಯಲ್ಲೂ ಇತ್ತು. ವಾಚು ಬಿಚ್ಚಿಸಿ ಫೋಟೋ ತೆಗೆದಿದ್ದಾನೆ ಎಂದು ನನಗೆ ಆಗಲೇ ಗೊತ್ತಾಯಿತು.

ನಮ್ಮೂರಲ್ಲೂ ಅದೇ ಆಟ. ಮೊದಲ ದಿನವೇ ದೊಡ್ಡಪ್ಪನ ವಾಚು ಬಿಚ್ಚಿಸಿದ. ಪ್ಲಾಸ್ಟಿಕ್ ಬಿಂದಿಗೆಗಳನ್ನೆಲ್ಲ ಒಳಗೆ ಇಡಿಸಿದ. ಟೆರಿಲಿನ್ ಅಂಗಿ ಹಾಕಿಕೊಂಡು ಬಂದವರನ್ನು ವಾಪಸ್ ಕಳಿಸಿದ. ಎರಡನೇ ದಿನ ನಮ್ಮ ಲೈಟುಕಂಬವನ್ನು ನೋಡಿ, "ಇದನ್ನು ಏನಾದರೂ ಹೊದಿಸಿ ಮುಚ್ಚಲು ಆಗುತ್ತದೆಯೇ?" ಎಂದು ಕೇಳಿದ. ನಾನು ಅದನ್ನು ಕನ್ನಡ ಮಾಡಿ ಹೇಳಿದೆ, ಹೇಳಬಾರದಿತ್ತು. ಆ ಕಂಬಕ್ಕಾಗಿ ದೊಡ್ಡಪ್ಪ ಹಿರಿಯೂರು, ಚಿತ್ರದುರ್ಗ ಎಂದು ಅರ್ಜಿ ಹಿಡಿದು ತಿರುಗಿ ಚಪ್ಪಲಿ ಸವೆಸಿದ್ದ.

"ಏನಂದ? ಮುಚ್ಚಬೇಕಾ? ಏನಪ್ಪ, ಹೊಸದು ತೋರುಸ್ತೀನಿ ಅಂದ್ಯಲ್ಲ, ಇದು ಹೊಸದಲ್ವಾ?"

ಹೊಸದನ್ನು ತೋರಿಸಲು ಭೀಮಸಮುದ್ರಕ್ಕೆ ಹೋಗುತ್ತೇವೆ, ಅಲ್ಲಿ ಟ್ರ್ಯಾಕ್ಟರು, ಮೋಟರ್ ಬೈಕು, ಅಡಿಕೆ ಮಂಡಿ ಎಲ್ಲ ಇದೆ ಎಂದು ಸಾಹೇಬ ಸಮಾಧಾನ ಹೇಳಿದ. ಸಮಾಧಾನ ಎಲ್ಲಿಯದು! ಹಳೆಯದಕ್ಕೆ ನಾವು, ಹೊಸದಕ್ಕೆ ಭೀಮಸಮುದ್ರದವರು ಎಂದು ತಿಳಿದ ಮೇಲೆ ಊರಿಗೆ ಊರೇ ಮುಖ ಊದಿಸಿಕೊಂಡಿತು. ದೊಡ್ಡಪ್ಪ ಕಂಬದ ಬುಡದಲ್ಲಿ ಕಲ್ಲು ಹಾಕಿಕೊಂಡು ಕೂತ. "ಮುಚ್ಚಲಿ ನೋಡಾಣ" ಅಂದ. ಕೊನೆಗೆ ಕ್ಯಾಮೆರಾವನ್ನೇ ಬೇರೆ ಕಡೆ ತಿರುಗಿಸಿಕೊಂಡರು.

ಕಂಬಳಿ ಕೆಲಸ ಮಾತ್ರ ಚೆನ್ನಾಗಿ ತೆಗೆದರು, ಸುಳ್ಳು ಯಾಕೆ ಹೇಳಲಿ. ಉಣ್ಣೆ ಕತ್ತರಿಸುವುದು, ನೂಲುವುದು, ಹುಣಸೆ ಬೀಜ ಬೇಯಿಸಿ ಗಂಜಿ ಮಾಡಿ ನೂಲಿಗೆ ಸವರುವುದು, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವುದು, ಎಲ್ಲ. ಮೂರನೇ ದಿನ ಕ್ಯಾಮೆರಾದವನು ಇನ್ನೊಂದಿಷ್ಟು ಎತ್ತರ ಬೇಕೆಂದು ಮಡಿಸಿಟ್ಟಿದ್ದ ಕಂಬಳಿಗಳ ಮೇಲೆ ಬೂಟುಗಾಲಲ್ಲಿ ಹತ್ತಿಬಿಟ್ಟ. ಊರೇ ಹೋ ಎಂದು ಕೂಗಿಕೊಂಡಿತು. ಅವನು ಬೆಚ್ಚಿ ಕ್ಯಾಮೆರಾ ಸಮೇತ ಉಣ್ಣೆ ರಾಶಿಯೊಳಕ್ಕೆ ಬಿದ್ದ. ಪುಣ್ಯಕ್ಕೆ ಇಬ್ಬರಿಗೂ ಏನೂ ಆಗಲಿಲ್ಲ.

ಯಾಕೆ ಕೂಗಿದಿರಿ ಎಂದು ಸಾಹೇಬ ಕೇಳಿದ. ದೊಡ್ಡಪ್ಪ ಹೇಳಿದ: ಕಂಬಳಿ ನಮಗೆ ಬರೀ ಹೊದಿಕೆ ಅಲ್ಲ. ಮದುವೆಯಲ್ಲಿ ಕರಿ ಕಂಬಳಿ ಹಾಸಿ, ಅದರ ಮೇಲೆ ಅಕ್ಕಿ, ಅರಿಶಿನ, ವೀಳ್ಯದೆಲೆ, ಅಡಿಕೆ ಇಟ್ಟು ಪೂಜೆ ಮಾಡಿದರೆ ಅದೇ ಗದ್ದುಗೆ. ಗಂಡು ಹೆಣ್ಣು ಅದರ ಮೇಲೆ ಕೂತರೆ ಮದುವೆ. ಕೂತು ಎದ್ದ ಮೇಲೆ ಆಗಿಲ್ಲ ಎನ್ನುವ ಹಾಗಿಲ್ಲ. ಸಾಹೇಬನ ಗಡ್ಡವೆಲ್ಲ ನಗೆಯಾಯಿತು. ಅದೇ ಬೇಕು ಅಂದ. ನನ್ನ ಮದುವೆ ಮುಂದಿನ ತಿಂಗಳು ಇದೆ, ಬರಬಹುದು ಅಂದೆ. ಮುಂದಿನ ವಾರ ಅವನು ಸಿಂಹಳಕ್ಕೆ ಹೋಗಬೇಕಂತೆ. ನಾಳೆಯೇ ಆಗಬೇಕು, ಯಾರಾದರೂ ಇಬ್ಬರನ್ನು ಕೂರಿಸಿ, ಅಷ್ಟೇ.

ಯಾರಾದರೂ ಇಬ್ಬರು! ದೇವಸ್ಥಾನದ ಕಟ್ಟೆ ಮೇಲೆ ಹಿರಿಯರೆಲ್ಲ ಸೇರಿದರು. ಒಂದು ಗಂಟೆ ವಾದ ನಡೆಯಿತು. ಕೊನೆಗೆ ದೊಡ್ಡಪ್ಪ ಎದ್ದು ತೀರ್ಪು ಕೊಟ್ಟ.

"ಮದ್ವೆ ಆಗ್ದೇ ಇರೋರ್ನ ಕೂರಿಸಿದ್ರೆ ಮದ್ವೆ ಆಗೇ ಹೋಗ್ತೈತೆ. ಆಗಿರೋರ್ನ ಕೂರಿಸಿದ್ರೆ ಮೊದ್ಲಿನ ಮದ್ವೆ ಕೆಟ್ಟೋತು ಅಂತ ಅರ್ಥ. ಅದ್ಕೆ ನನ್ ತಮ್ಮನ್ನೂ ಅವನ ಹೆಂಡ್ತಿನೂ ಕೂರ್ಸಾಣ. ಉಡಿಕೆಯೋರು. ಅವ್ರು ಕುಂತ್ರೂ ಲೆಕ್ಕಕ್ಕಿಲ್ಲ."

ಎಲ್ಲರೂ ತಲೆದೂಗಿದರು. ಎಂಥ ತೀಕ್ಷ್ಣ ಬುದ್ಧಿ ನೋಡಿ! ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆ ಇವರೇ ಎಂದು ಸಾಹೇಬ ನನ್ನನ್ನು ಕೇಳಿದ. ಅಷ್ಟು ಹೊಲಸನ್ನು ಹೇಳುವ ಇಂಗ್ಲಿಷ್ ನನ್ನ ಪಾಠದ ಪುಸ್ತಕದಲ್ಲಿ ಇರಲಿಲ್ಲ. "ಇವರೇ ಒಳ್ಳೆಯವರು" ಎಂದು ಹೇಳಿ ಮನೆಗೆ ಬಂದೆ. "ನಿನ್ನ ಗೊಂಬೆ ಮಾಡಿ ಕುಣಿಸ್ತಾರೆ, ಹೋಗಬೇಡ" ಎಂದು ಅವ್ವನ ಮುಂದೆ ಕೂಗಾಡಿದೆ. ಅವಳು ಕದಿರು ನಿಲ್ಲಿಸಿದಳು.

"ಸಾಹೇಬ್ರು ಎಲ್ಲಾ ಇದ್ದಂಗೇ ಇರಬೇಕು ಅಂತಾರಂತೆ, ಹೌದಾ?"

"ಹೂಂ. ಅಸಲಿ ಬೇಕು ಅಂತ ಬಡ್ಕಂತಾನೆ."

"ಹಂಗಾದ್ರೆ ಆಗ್ಲಿ ಅನ್ನು. ನಾಳೆ ನೀನು ನನ್ ಪಕ್ಕದಾಗೇ ಇರು. ಸಾಹೇಬ್ರ ಮಾತು ಇವ್ರಿಗೆ ಸರಿಯಾಗಿ ಹೇಳು, ಸಾಕು."

ಅಪ್ಪನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವನು ಕೇಳಿದ್ದು ಒಂದೇ ಮಾತು: "ಕುರಿ ಬಿಡೋ ಹೊತ್ತಿಗೆ ಮುಗೀತೈತಾ?"

ಮರುದಿನ ಬೆಳಿಗ್ಗೆ ನಮ್ಮ ಮನೆ ಮುಂದೆ ಚಪ್ಪರ ಹಾಕಿದರು. ದೊಡ್ಡಪ್ಪ ಹೊಸ ರುಮಾಲು ಸುತ್ತಿಕೊಂಡು, ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದ. ಸುಳ್ಳು ಮದುವೆಗೆ ಇಷ್ಟು ಸಾಕು ಎಂದು ಕುರಿಮರಿ ಮಲಗಿಸುವ ಹರಕು ಕಂಬಳಿಯೊಂದನ್ನು ಹಾಸಿಸಿದ. ಅವ್ವ ತಲೆ ತಗ್ಗಿಸಿಕೊಂಡೇ ನನ್ನ ಕಿವಿಯಲ್ಲಿ, "ಇದು ಗದ್ದುಗೆ ಕಂಬ್ಳಿ ಅಲ್ಲ ಅನ್ನು" ಅಂದಳು. ನಾನು ಸಾಹೇಬನಿಗೆ ಹೇಳಿದೆ. ಅವನು ಎರಡು ಕೈಯೂ ಮೇಲೆತ್ತಿ ಕೂಗಾಡಿದ. ಅಸಲಿಯೇ ಬೇಕು! ಆಗ ಮನೆಯಲ್ಲಿದ್ದ ಅಸಲಿ ಎಂದರೆ ನನ್ನ ಮದುವೆಗೆಂದು ನೇಯಿಸಿಟ್ಟಿದ್ದ ಕರಿ ಕಂಬಳಿ, ಒಂದು ಎಳೆಯೂ ಬಿಳಿ ಇಲ್ಲದ್ದು. ದೊಡ್ಡಪ್ಪ ಹಿಂದೆಮುಂದೆ ನೋಡಿದ. ಅಷ್ಟರಲ್ಲಿ ಕ್ಯಾಮೆರಾ ಅವನ ಕಡೆ ತಿರುಗಿತು. ಅವನು ಎದೆಯುಬ್ಬಿಸಿ, "ತರ್ರಿ ಅತ್ಲಾಗೆ" ಅಂದ.

ಇನ್ನು ದೊಡ್ಡಮ್ಮನ ಕಥೆ. ಆ ಕರಿ ಕಂಬಳಿ ಹಾಸಿದ್ದೇ ತಡ, ಅವಳಿಗೆ ಸಿನಿಮಾ ಎನ್ನುವುದು ಮರೆತೇಹೋಯಿತು. ನೂರಾರು ಮದುವೆ ಮಾಡಿಸಿದ ಕೈ ಅದು. ತಾನಾಗಿಯೇ ಅಕ್ಕಿ ಹರವಿತು, ಎಲೆ ಜೋಡಿಸಿತು, ಅರಿಶಿನ ಹಚ್ಚಿತು. ಬಾಯಿ ತಾನಾಗಿಯೇ ಹಾಡು ಶುರುಮಾಡಿತು. ಉಳಿದ ಮುತ್ತೈದೆಯರು ದನಿಗೂಡಿಸಿದರು. ಅವ್ವ, ಅಪ್ಪ ಬಾಸಿಂಗ ಕಟ್ಟಿಕೊಂಡು ಕೂತರು. ಸಾಹೇಬ ನನ್ನ ಹತ್ತಿರ ಬಂದು, ಇನ್ನೇನಾದರೂ ಬಿಟ್ಟುಹೋಗಿದೆಯೇ ಎಂದು ಕೇಳಿದ. ನಾನು ಅವ್ವನ ಕಡೆ ಬಗ್ಗಿದೆ.

"ಕಂಕಣ" ಅಂದಳು ಅವ್ವ ಬಾಸಿಂಗದ ಒಳಗಿನಿಂದ.

ಉಣ್ಣೆಯ ದಾರಕ್ಕೆ ಅರಿಶಿನದ ಕೊಂಬು ಸೇರಿಸಿ ಮುಂಗೈಗೆ ಕಟ್ಟುವುದು ಕಂಕಣ. ನಾನು ಸಾಹೇಬನಿಗೆ ಹೇಳಿದೆ, ಸಾಹೇಬ ಕೂಗಿದ, ದೊಡ್ಡಮ್ಮ ಹಾಡು ನಿಲ್ಲಿಸದೆ ಇಬ್ಬರಿಗೂ ಕಟ್ಟಿಬಿಟ್ಟಳು. ಆಮೇಲೆ ಧಾರೆ. ತಾಳಿ ಅವ್ವನ ಕೊರಳಲ್ಲಿ ಆಗಲೇ ಇದ್ದುದರಿಂದ ಅದರ ಗೋಜಿಗೆ ಹೋಗಲಿಲ್ಲ. ತವರಿನವರ ಜಾಗದಲ್ಲಿ ದೊಡ್ಡಪ್ಪ, ದೊಡ್ಡಮ್ಮನೇ ನಿಂತು ಹಾಲು ಎರೆದರು. ಎರೆಯುವಾಗ ದೊಡ್ಡಪ್ಪ ಕೈ ನೋಡದೆ ಕ್ಯಾಮೆರಾ ನೋಡಿದ. "ಇನ್ನೊಂದು ಸಲ!" ಅಂದ ಸಾಹೇಬ. ಎರಡನೇ ಸಲವೂ ಕ್ಯಾಮೆರಾ ನೋಡಿದ. ಮೂರನೇ ಸಲ ದೊಡ್ಡಮ್ಮ ಪಕ್ಕೆಗೆ ತಿವಿದ ಮೇಲೆ ಸರಿಯಾಯಿತು. ನನ್ನ ತಂದೆ ತಾಯಿಗೆ ಒಂದೇ ಬೆಳಿಗ್ಗೆ ಮೂರು ಸಲ ಧಾರೆ ಆಯಿತು. ಅಪ್ಪ ಬಾಸಿಂಗದ ಒಳಗೇ ತೂಕಡಿಸುತ್ತಿದ್ದ.

ಸಿನಿಮಾದವರು ನಮಸ್ಕಾರ ಮಾಡಿ ಭೀಮಸಮುದ್ರದ ಕಡೆ ಹೊರಟರು. ಜೀಪಿನ ಧೂಳು ಇಳಿಯುವ ಮೊದಲೇ ದೊಡ್ಡಪ್ಪ ಕೈ ಕೊಡವಿ ಹೇಳಿದ:

"ಆತು ಏಳ್ರಿ. ಬಾಸಿಂಗ, ಕಂಕಣ ಬಿಚ್ಚಿ ಒಗೀರಿ."

ಅವ್ವ ಏಳಲಿಲ್ಲ. "ಕಂಕಣ ಬಿಚ್ಚಾಕೆ ಮೂರನೇ ದಿನ ಗದ್ದುಗೆ ಹಾಕಬೇಕಲ್ಲ, ಭಾವ?" ಅಂದಳು.

"ಅದು ದಿಟದ ಮದ್ವೆಗೆ ಕಣಮ್ಮ. ಇದು ಸಿನಿಮಾ."

"ಹಂಗಾದ್ರೆ ಇದು ಬರೀ ದಾರ. ಕತ್ತರಿಸ್ರಿ."

ಗೋಡೆಗೆ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ನೇತುಹಾಕಿತ್ತು. ಅವ್ವ ಎದ್ದು ಹೋಗಿ ಅದನ್ನು ತಂದು ದೊಡ್ಡಪ್ಪನ ಕಾಲ ಹತ್ತಿರ ಇಟ್ಟಳು. ಮತ್ತೆ ಕಂಬಳಿ ಮೇಲೆ ಕೂತು, ಎಡಗೈಯಲ್ಲಿ ಅಪ್ಪನ ಕೈ ಹಿಡಿದುಕೊಂಡು, ಎರಡು ಕಂಕಣವನ್ನೂ ದೊಡ್ಡಪ್ಪನ ಮುಂದೆ ಚಾಚಿದಳು. ಕಂಕಣಕ್ಕೆ ಕತ್ತರಿ ಹಾಕುವುದು ಎಂದರೆ ನಮ್ಮಲ್ಲಿ ಕಟ್ಟಿಕೊಂಡವನ ಆಯುಸ್ಸಿಗೇ ಕತ್ತರಿ ಹಾಕಿದ ಹಾಗೆ. ಪರಮವೈರಿಯೂ ಹಾಕುವುದಿಲ್ಲ.

ದೊಡ್ಡಪ್ಪ ದೊಡ್ಡಮ್ಮನ ಕಡೆ ತಿರುಗಿದ. "ಲೇ, ಕಟ್ಟಿದೋಳು ನೀನು. ನೀನೇ ಕತ್ತರಿಸು."

"ಹಾಡು ಹೇಳಿ ಕಟ್ಟೀನಿ ನಾನು! ಕತ್ತರಿ ಹಾಕಿ ಕೈಗೆ ಹುಳ ಬೀಳಿಸ್ಕಳ್ಳಾ? ಬುದ್ಧಿ ಐತಾ ನಿಮಗೆ?"

ಬೇರೆ ಹಿರಿಯರ ಕಡೆ ನೋಡಿದ. ಒಬ್ಬ ಚಪ್ಪರದ ಗಳ ನೋಡಿದ, ಇನ್ನೊಬ್ಬನಿಗೆ ಕೆಮ್ಮು ಬಂತು, ಮತ್ತೊಬ್ಬ ಎಮ್ಮೆ ಕಟ್ಟುವ ನೆನಪಾಗಿ ಹೊರಟೇಹೋದ. ಕೊನೆಗೆ ದೊಡ್ಡಪ್ಪನೇ ಕತ್ತರಿ ಎತ್ತಿಕೊಂಡ. ಬಗ್ಗಿದ. ತಮ್ಮನ ಮುಂಗೈ ಹತ್ತಿರ ತಂದ. ಅಪ್ಪನಿಗೆ ಆಗ ಪೂರ್ತಿ ಎಚ್ಚರವಾಯಿತು.

"ಅಣ್ಣಾ, ಏನಾರ ಒಂದು ಬೇಗ ಮಾಡು. ಕುರಿ ಅರಚ್ತಾವೆ."

ದೊಡ್ಡಪ್ಪ ಕತ್ತರಿಯನ್ನು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ರುಮಾಲು ತೆಗೆದು ಮುಖ ಒರೆಸಿಕೊಂಡ. ಯಾರ ಮುಖವನ್ನೂ ನೋಡದೆ, "ನಾಡಿದ್ದು ಗದ್ದುಗೆ ಹಾಕ್ರಿ. ಶಾಸ್ತ್ರವಾಗಿ ಬಿಚ್ಚಾಣ" ಅಂದ.

ಗದ್ದುಗೆ ಹಾಕಿ ಬಿಚ್ಚುವುದು ಎಂದರೆ ಆದದ್ದು ಮದುವೆಯೇ ಎಂದು ಒಪ್ಪಿಕೊಂಡ ಹಾಗೆ. ಅದು ಎಲ್ಲರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ದೊಡ್ಡಮ್ಮ ಬಂದು ಅವ್ವನ ಕೆನ್ನೆಗೆ ಅರಿಶಿನ ಹಚ್ಚಿ, "ಎಂಥಾ ಕಳ್ಳಿ ಕಣೇ ನೀನು!" ಎಂದು ತಲೆಗೆ ಒಂದು ಮೊಟಕಿದಳು. ಅವ್ವ ನಕ್ಕಳು. ನಾನು ಕೊಟ್ಟಿಗೆಗೆ ಹೋಗಿ ಹೊಟ್ಟೆ ತುಂಬ ಅತ್ತು ಬಂದೆ.

ಇನ್ನೊಂದು ತೊಡಕಿತ್ತು. ಕಂಕಣ ಕಟ್ಟಿಕೊಂಡವರು ಊರ ಗಡಿ ದಾಟುವ ಹಾಗಿಲ್ಲ. ಕುರಿಗೋ, ಗಡಿಯ ಆಚೆಯೇ ಮೇವು. ಕಾನೂನು ಹೇಳಿದವನೇ ಅನುಭವಿಸಬೇಕಾಯಿತು. ಊರಿನ ಯಜಮಾನ ಹೊಸ ರುಮಾಲು ಸುತ್ತಿಕೊಂಡು ಮೂರು ದಿನ ತಮ್ಮನ ಕುರಿ ಕಾಯ್ದ. ಅಪ್ಪ ಗಡಿಕಲ್ಲಿನ ಈಚೆ ಮದುಮಗನ ಪಂಚೆಯಲ್ಲಿ ನಿಂತು, "ಆ ಕುಂಟ ಮರಿ ನೋಡ್ಕಳಣ್ಣ! ಎಡಕ್ಕೆ ಹೊಡಿ! ಅಯ್ಯೋ, ಎಡಕ್ಕೆ!" ಎಂದು ಬೆಳಿಗ್ಗೆಯಿಂದ ಸಂಜೆವರೆಗೆ ಕೂಗುತ್ತಿದ್ದ. ಆಚೆಯಿಂದ ದೊಡ್ಡಪ್ಪ ಬೈಯುತ್ತಿದ್ದ ಬೈಗುಳವನ್ನು ಬರೆಯುವ ಹಾಗಿಲ್ಲ.

ನನ್ನ ಮದುವೆಗೆ ಮೂರು ದಿನ ಇರುವಾಗ ಸಾಹೇಬನಿಂದ ಕಾಗದ ಬಂತು. ರೀಲು ತೊಳೆಸಿ ನೋಡಿದನಂತೆ. ಕಂಬಳಿ ನೇಯುವುದು ಬಹಳ ಸೊಗಸಾಗಿ ಬಂದಿದೆಯಂತೆ. ಮದುವೆಯನ್ನು ಮಾತ್ರ ಪೂರಾ ತೆಗೆದುಹಾಕಬೇಕಾಯಿತಂತೆ. ಹಿರಿಯರು ಹಾಲು ಎರೆಯುವಾಗ ಮೂರು ಸಲವೂ ಅವರ ಮುಂಗೈಯಲ್ಲಿ ವಾಚು ಫಳಫಳ ಹೊಳೆಯುತ್ತಿದೆಯಂತೆ. ಯಾವಾಗ ಕಟ್ಟಿಕೊಂಡನೋ ಮಹಾರಾಯ! ನಾನು ಕಾಗದವನ್ನು ಎಲ್ಲರ ಮುಂದೆ ಓದಿದೆ. ದೊಡ್ಡಪ್ಪ ಎರಡು ಹೊತ್ತು ಉಣ್ಣಲಿಲ್ಲ. ಸಿನಿಮಾದಲ್ಲಿ ಕಾಣುವುದಿಲ್ಲವಂತೆ, ಬೇಜಾರಾಯಿತೇ ಎಂದು ಅವ್ವನನ್ನು ಕೇಳಿದೆ. "ನಾನು ಅಲ್ಲೇ ಇದ್ನಲ್ಲ, ನೋಡೀನಿ ಬಿಡು" ಅಂದಳು.

ನನ್ನ ಮದುವೆಗೆ ಹೊಳಲ್ಕೆರೆಯಿಂದ ವಾಲಗದವರು ಬಂದಿದ್ದರು. ಅವ್ವ ಅವತ್ತು ಬೆಳಿಗ್ಗೆಯೂ ಅಭ್ಯಾಸಬಲದಿಂದ ಹಿತ್ತಲಿಗೆ ಹೋಗಿ ಪಾತ್ರೆ ಮುಂದೆ ಕೂತುಬಿಟ್ಟಿದ್ದಳು. ಧಾರೆಯ ಹೊತ್ತಾಯಿತು. ನನ್ನ ಕೈ ಆ ಮೇಷ್ಟರ ಕೈಮೇಲೆ ಇತ್ತು. ದೊಡ್ಡಪ್ಪ ಚಪ್ಪರದ ನಡುವೆ ನಿಂತು ಊರಿಗೆಲ್ಲ ಕೇಳುವಂತೆ, "ಹುಡುಗಿ ತಾಯಿ ಎಲ್ಲೈದಾಳೆ? ಕರೀರಿ, ಧಾರೆಗೆ ಹೊತ್ತಾತು!" ಎಂದು ಕೂಗಿದ. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಬೂದಿ ಇನ್ನೂ ಉಗುರಿನಲ್ಲಿ ಇತ್ತು. ಅಪ್ಪ ಪಕ್ಕದಲ್ಲಿ ನಿಂತ. ದೊಡ್ಡಮ್ಮ ಹಾಲಿನ ಚೊಂಬನ್ನು ಅವ್ವನ ಕೈಗೆ ಕೊಟ್ಟಳು.

ಅವ್ವ ಎರೆಯತೊಡಗಿದಳು. ಮಂತ್ರ ಮುಗಿಯಿತು, ಅವಳು ನಿಲ್ಲಿಸಲಿಲ್ಲ. ವಾಲಗದವರು ಗಟ್ಟಿಮೇಳ ಮುಗಿಸಿ ಉಸಿರು ತೆಗೆದುಕೊಂಡರು, ಅವಳು ನಿಲ್ಲಿಸಲಿಲ್ಲ. ಹಾಲು ನಮ್ಮ ಕೈಯಿಂದ ಮೊಳಕೈಗೆ, ಮೊಳಕೈಯಿಂದ ಸೀರೆಗೆ ಇಳಿಯಿತು.

"ಸಾಕು ಬಿಡೇ, ಧಾರೆ ಆತು" ಅಂದಳು ದೊಡ್ಡಮ್ಮ.

"ಇರಕ್ಕ," ಅಂದಳು ಅವ್ವ, ಕಣ್ಣು ನನ್ನ ಕೈಮೇಲೆಯೇ ಇಟ್ಟುಕೊಂಡು. "ಇನ್ನೂ ಐತೆ."

ಚೊಂಬು ಖಾಲಿಯಾಗುವ ತನಕ ಎಲ್ಲರೂ ಕಾದರು.